ಮುಂಬಯಿಯ ದಿನಚರಿಯಲ್ಲಿ ಒಂದು ಮೌನ: ಸಲಿಂಗಾನುರಾಗಿಯ ನಗರಜೀವನವನ್ನು ಕುರಿತು

ಮುಂಬಯಿಯ ಬಾಳನ್ನು ಕುರಿತು ನಮ್ಮಲ್ಲಿ ಬರೆಹಗಳಿಗೆ ಕೊರತೆಯಿಲ್ಲ. ಹೊಟೆಲಿನ ಮಾಣಿಯಾಗಿ ಬಂದು ರಾತ್ರಿಶಾಲೆಯಲ್ಲಿ ಓದಿ ಮೇಲೇರಿದವರ ಕಥೆ, ಚಾಳಿನ ಕಥೆ, ಗಿರಣಿಯ ಕಥೆ, ಲೋಕಲ್ ಗಾಡಿಯ ನೂಕುನುಗ್ಗಲಿನ ಕಥೆ ವಾಚಕರೆಲ್ಲರಿಗೂ ಪರಿಚಿತವಾದುವು. ಈ ಕಥೆಗಳಲ್ಲಿ ಅವಿವಾಹಿತನಾದ ಗಂಡಸು ಮೇಲಿಂದ ಮೇಲೆ ಬರುತ್ತಾನೆ. ಅವನು ಮದುವೆಯಾಗಲಿರುವವನು, ಇಲ್ಲವೆ ಮದುವೆಯ ಯೋಗ ತಪ್ಪಿಹೋದವನು. ಇವರಿಬ್ಬರಲ್ಲಿ ಯಾರೂ ಅಲ್ಲದ ಇನ್ನೊಬ್ಬ ಅವಿವಾಹಿತನು ಇದೇ ಗಾಡಿಯಲ್ಲಿ ನಿಂತು ಪ್ರಯಾಣ ಮಾಡುತ್ತ, ಇದೇ ಸಂಘಗಳ ವಾಚನಾಲಯದಲ್ಲಿ ಕುಳಿತು ಪತ್ರಿಕೆ ಓದುತ್ತ ಬಂದಿದ್ದಾನೆ. ಅವನ ಅನುರಾಗ ಗಂಡಸಿನ ಕಡೆಗೆ. ಪ್ರಸ್ತುತ ಲೇಖಕನು ಅಂಥವರಲ್ಲಿ ಒಬ್ಬನು. ಅಂಥವನ ನಿತ್ಯದ ಆಸಕ್ತಿಗಳಾವುವು, ನಗರವು ಅವನಿಗೆ ಏನನ್ನು ಕೊಟ್ಟಿದೆ, ಏನನ್ನು ಇನ್ನೂ ಕೊಡಬೇಕಾಗಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

೧. ಹೆಸರು

ಮೊದಲು ಶಬ್ದವನ್ನು ನಿಷ್ಕರ್ಷಿಸಿಕೊಳ್ಳುವುದು ಒಳ್ಳೆಯದು. ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 'ಸಲಿಂಗಕಾಮಿ' ಎಂಬ ಪದ. ಒಬ್ಬ ಗಂಡಸು ಹೆಂಗಸನ್ನು ಮೆಚ್ಚಿದರೆ ಅದನ್ನು ಹೇಳುವುದಕ್ಕೆ ಒಲವು, ಪ್ರೀತಿ, ಪ್ರಣಯ, ಅನುರಾಗ, ದಾಂಪತ್ಯ ಎಂದು ನಮ್ಮ ಭಾಷೆಯಲ್ಲಿ ಎಷ್ಟೋ ಮಾತುಗಳುಂಟು. ಅವನೇ ಇನ್ನೊಬ್ಬ ಗಂಡಸನ್ನು ಮೆಚ್ಚಿದರೆ ಉಳಿಯುವುದು ಕಾಮವೊಂದೇ. ಇಬ್ಬರು ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನವನ್ನು ಉಂಡು, ಒಬ್ಬನ ಕಾಯಿಲೆಯಲ್ಲಿ ಇನ್ನೊಬ್ಬನು ರಾತ್ರಿಯೆಲ್ಲ ಎಚ್ಚರವಿದ್ದರೂ ಆ ಬಾಳಿಗೆ ಈ ಪದ ಕೊಡುವ ಅರ್ಥ ಅಷ್ಟೇ. 'ಸಲಿಂಗಾನುರಾಗ' ಎಂಬ ಮಾತು ಇದಕ್ಕಿಂತ ಹಿತವಾದುದು. ಅದರಲ್ಲಿ ಕಾಮಕ್ಕೂ ಎಡೆಯಿದೆ, ಒಲವಿಗೂ ಎಡೆಯಿದೆ. ಆಡುಮಾತಿನಲ್ಲಿ ತರುಣರು 'ಗೇ' ಎಂಬ ಇಂಗ್ಲಿಷ್ ಶಬ್ದವನ್ನೇ ಕನ್ನಡದಂತೆ ಬಳಸುತ್ತಾರೆ. ಬಸ್ಸು, ಬ್ಯಾಂಕುಗಳಂತೆ ಅದೂ ನಮ್ಮಲ್ಲಿ ಬೇರೂರಿದರೆ ಆಕ್ಷೇಪಿಸಬೇಕಾದುದೇನೂ ಇಲ್ಲ.

೨. ಕಾನೂನು

ಭಾರತೀಯ ದಂಡಸಂಹಿತೆಯು ೧೮೬೦ರಲ್ಲಿ ಅಂಗೀಕೃತವಾಗಿ ೧೮೬೨ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ೩೭೭ನೆಯ ಕಲಮು ಪ್ರಕೃತಿಯ ಕ್ರಮಕ್ಕೆ ವಿರುದ್ಧವೆಂದು ತಾನು ಬಗೆದ ಸಂಭೋಗಕ್ಕೆ ಹತ್ತು ವರ್ಷಗಳವರೆಗಿನ ಸೆರೆಯನ್ನು, ಇಲ್ಲವೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತ್ತು. ಒಪ್ಪಿಗೆಯಿಂದ ಕೂಡಿದ ವಯಸ್ಕರ ಮೇಲೆ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆಗಳು ವಿರಳ. ಕಲಮಿನ ನಿಜವಾದ ಪ್ರಭಾವ ಕಂಡುಬರುತ್ತಿದ್ದುದು ಬೀದಿಯಲ್ಲಿ. ಉದ್ಯಾನದಲ್ಲಿಯೋ ಕಡಲ ದಂಡೆಯಲ್ಲಿಯೋ ಇಬ್ಬರು ಸ್ವಲ್ಪ ಹೊತ್ತು ಕುಳಿತು ಮಾತನಾಡಿದರೆ, 'ಮನೆಗೆ ತಿಳಿಸುತ್ತೇನೆ' ಎಂದು ಗದರಿಸಿ ಗಡಿಯಾರವನ್ನೂ ಪಗಾರವನ್ನೂ ಕಿತ್ತುಕೊಳ್ಳುವವರಿಗೆ ಆ ಕಲಮು ಒಂದು ಆಯುಧವಾಗಿತ್ತು. ಕಳೆದುಕೊಂಡವನು ದೂರು ಕೊಡುವಂತಿರಲಿಲ್ಲ. ದೂರಿನಿಂದ ಅವನೇ ಅಪರಾಧಿಯಾಗುತ್ತಿದ್ದನು.

೨೦೦೯ರ ಜುಲೈ ೨ರಂದು ದೆಹಲಿಯ ಉಚ್ಚ ನ್ಯಾಯಾಲಯವು ವಯಸ್ಕರ ಒಪ್ಪಿಗೆಯ ಖಾಸಗಿ ಸಂಬಂಧವನ್ನು ಈ ಕಲಮಿನಿಂದ ಹೊರಗಿಟ್ಟಿತು. ೨೦೧೩ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ನಾಲ್ಕೂವರೆ ವರ್ಷ ನಿರಪರಾಧಿಗಳಾಗಿದ್ದವರು ಒಂದು ಬೆಳಗಿನಲ್ಲಿ ಮತ್ತೆ ಅಪರಾಧಿಗಳಾದರು. ಕೊನೆಗೆ ೨೦೧೮ರ ಸೆಪ್ಟೆಂಬರ್ ೬ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಅಂಥ ಸಂಬಂಧವು ಅಪರಾಧವಲ್ಲವೆಂದು ಒಮ್ಮತದಿಂದ ಸಾರಿತು. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ. ಆದರೆ ಮದುವೆಯ ಹಕ್ಕು ದೊರೆತಿಲ್ಲ. ೨೦೨೩ರ ಅಕ್ಟೋಬರ್ ೧೭ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಶಾಸನ ಸಭೆಗೆ ಬಿಟ್ಟಿತು. ಜೊತೆಯಾಗಿ ಬಾಳುವವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುವುದಕ್ಕೂ ಒಬ್ಬರನ್ನೊಬ್ಬರು ನಾಮನಿರ್ದೇಶನ ಮಾಡುವುದಕ್ಕೂ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯವು ೨೦೨೪ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಬ್ಯಾಂಕಿನ ನೌಕರನಾಗಿ ಬಾಳಿನ ಬಹುಭಾಗವನ್ನು ಕಳೆದ ನನಗೆ ಈ ಸಣ್ಣ ಸುತ್ತೋಲೆಯ ಬೆಲೆ ಚೆನ್ನಾಗಿ ಗೊತ್ತು. ಯಾರಾದರೂ ತೀರಿಕೊಂಡಾಗ ಕೇಳುವ ಮೊದಲನೆಯ ಪ್ರಶ್ನೆ, 'ಇವರು ನಿಮಗೆ ಏನಾಗಬೇಕು?' ಎಂಬುದು.

೩. ಮನೆ

ನಾನು ೧೯೮೯ರಲ್ಲಿ ಕುಮಟೆಯಿಂದ ಈ ನಗರಕ್ಕೆ ಬಂದೆ. ಆಗ ಒಂದು ಖೋಲಿಯಲ್ಲಿ ಐವರು ಗಂಡಸರು ಸಾಲಾಗಿ ಚಾಪೆ ಹಾಸಿ ಮಲಗಿದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಇಕ್ಕಟ್ಟು ಮುಂಬಯಿಯ ಸಹಜ ಸ್ಥಿತಿ. ಇಬ್ಬರು ಗೆಳೆಯರು ಹೆಗಲ ಮೇಲೆ ಕೈಹಾಕಿ ನಡೆಯುವುದೂ ಇಲ್ಲಿ ಸಹಜವೇ. ಸಲಿಂಗಾನುರಾಗಿಗೆ ಈ ಇಕ್ಕಟ್ಟು ಒಂದು ಕಾಲದವರೆಗೆ ಆಶ್ರಯವಾಯಿತು. ತೊಡಕು ಆರಂಭವಾಗುವುದು ವಯಸ್ಸು ಮೂವತ್ತೈದು ದಾಟಿದ ಮೇಲೆ. ಐವರಿದ್ದ ಖೋಲಿಯಲ್ಲಿ ಒಬ್ಬೊಬ್ಬರೂ ಮದುವೆಯಾಗಿ ಹೊರಟುಹೋಗುತ್ತಾರೆ. ಉಳಿದ ಇಬ್ಬರು ಗಂಡಸರು ಎಲ್ಲರ ಕಣ್ಣಿಗೆ ಬೀಳುತ್ತಾರೆ.

ಇಲ್ಲಿ ಬಾಡಿಗೆಯ ಮನೆಗಳು ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರಿನಿಂದ ದೊರೆಯುತ್ತವೆ. ಸಂಸಾರಸ್ಥರಿಗೆ ಅದೊಂದು ಕಾಗದದ ಕೆಲಸ. ನಮಗೆ ಅದು ಹನ್ನೊಂದು ತಿಂಗಳಿಗೊಮ್ಮೆ ಬರುವ ಪರೀಕ್ಷೆ. ನನ್ನ ಜೊತೆಗಾರರು ರತ್ನಾಗಿರಿಯ ಕಡೆಯವರು, ಮರಾಠಿ ಮನೆಮಾತಿನವರು. ನಾವು ಆರು ಮನೆಗಳನ್ನು ಬದಲಾಯಿಸಿದೆವು. ಒಂದು ಮನೆಯ ಯಜಮಾನರು ಬಹಳ ಸೌಜನ್ಯದಿಂದ, 'ನಿಮ್ಮ ಬಗೆಗೆ ದೂರೇನಿಲ್ಲ, ಆದರೆ ಸೊಸೈಟಿಯವರು ಕೇಳುತ್ತಾರೆ' ಎಂದರು. ಏನು ಕೇಳುತ್ತಾರೆಂದು ಅವರು ಹೇಳಲಿಲ್ಲ, ನಾವೂ ವಿಚಾರಿಸಲಿಲ್ಲ. ಈ ಬಗೆಯ ಸೌಜನ್ಯಕ್ಕೆ ಉತ್ತರ ಕೊಡುವುದು ಜಗಳಕ್ಕೆ ಉತ್ತರ ಕೊಡುವುದಕ್ಕಿಂತ ಕಷ್ಟ.

ಮನೆಯ ಒಳಗಿನ ಬಾಳಾದರೋ ಬೇರೆ ಯಾರ ಬಾಳಿಗಿಂತಲೂ ವಿಚಿತ್ರವಾದುದಲ್ಲ. ಭಾನುವಾರ ಬೆಳಗ್ಗೆ ನಾವು ಮಾಟುಂಗದ ಮಾರುಕಟ್ಟೆಗೆ ಹೋಗುತ್ತೇವೆ. ಬಾಳೆಯೆಲೆ, ಮಂಗಳೂರು ಸೌತೆ, ಮಲ್ಲಿಗೆಯ ದಂಡೆ ಅಲ್ಲಿ ದೊರೆಯುತ್ತವೆ. ಮಳೆಗಾಲದಲ್ಲಿ ಕೆಸುವಿನ ಎಲೆ ಬಂದಾಗ ಮನೆಯಲ್ಲಿ ಒಂದು ವಾಗ್ವಾದ ಹುಟ್ಟುತ್ತದೆ. ಆ ಎಲೆಗೆ ಅಕ್ಕಿಯ ಹಿಟ್ಟನ್ನು ರುಬ್ಬಿ ಸವರಿದರೆ ಪತ್ರೊಡೆ, ಕಡಲೆಯ ಹಿಟ್ಟನ್ನು ಸವರಿದರೆ ಮರಾಠಿಯ ಅಳೂವಡಿ. ಎಲೆ ಒಂದೇ, ಸುರುಳಿ ಸುತ್ತುವ ಕೈಯೂ ಒಂದೇ ಬಗೆಯದು. ಈ ವಾಗ್ವಾದ ಇಪ್ಪತ್ತು ವರ್ಷಗಳಿಂದ ನಡೆದಿದೆ, ಇದುವರೆಗೆ ತೀರ್ಮಾನವಾಗಿಲ್ಲ.

೪. ಸಂಜೆಗಳು

ಹೊಸದಾಗಿ ಬಂದ ತರುಣನಿಗೆ ಆ ಕಾಲದಲ್ಲಿ ತನ್ನಂಥವರು ಇನ್ನೊಬ್ಬರಿದ್ದಾರೆಂದು ತಿಳಿಯುವುದೇ ದುಸ್ತರವಾಗಿತ್ತು. ೧೯೯೦ರಲ್ಲಿ ಪತ್ರಕರ್ತ ಅಶೋಕ ರಾವ್ ಕವಿ ಅವರು 'ಬಾಂಬೆ ದೋಸ್ತ್' ಎಂಬ ಪತ್ರಿಕೆಯನ್ನು ಇದೇ ನಗರದಿಂದ ಹೊರಡಿಸಿದರು. ಅದರ ಒಂದು ಸಂಚಿಕೆಯನ್ನು ದಿನಪತ್ರಿಕೆಯ ನಡುವೆ ಮಡಚಿಟ್ಟು, ಚರ್ಚ್‌ಗೇಟಿನಿಂದ ಬೋರಿವಲಿಯವರೆಗೆ ನಿಂತುಕೊಂಡೇ ಓದಿದ್ದು ನನಗೆ ನೆನಪಿದೆ. ೧೯೯೪ರಲ್ಲಿ 'ಹಮ್‌ಸಫರ್ ಟ್ರಸ್ಟ್' ಸ್ಥಾಪಿತವಾಗಿ, ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಮಹಾನಗರಪಾಲಿಕೆಯ ಕಟ್ಟಡವೊಂದರಲ್ಲಿ ಆರೋಗ್ಯ ಸೇವೆಯನ್ನೂ ಕೂಟಗಳನ್ನೂ ನಡೆಸುತ್ತ ಬಂದಿತು. ೨೦೦೮ರ ಆಗಸ್ಟಿನಲ್ಲಿ ನಗರದ ಸ್ವಾಭಿಮಾನದ ಮೆರವಣಿಗೆಯು ಗೋವಾಲಿಯಾ ಟ್ಯಾಂಕಿನಿಂದ, ಎಂದರೆ ೧೯೪೨ರ 'ಚಲೇಜಾವ್' ಕರೆ ಹೊರಟ ಆಗಸ್ಟ್ ಕ್ರಾಂತಿ ಮೈದಾನದಿಂದಲೇ ಹೊರಟಿತು. ಮೆರವಣಿಗೆಯಲ್ಲಿ ಮುಖವಾಡ ಧರಿಸಿ ನಡೆದವರೂ ಇದ್ದರು.

ಆದರೆ ಮೆರವಣಿಗೆ ವರ್ಷಕ್ಕೊಂದು ದಿನದ ಮಾತು. ಉಳಿದ ಸಂಜೆಗಳನ್ನು ತುಂಬಿದುದು ನಾಟಕ, ಸಿನಿಮಾ, ಪುಸ್ತಕ. ನನ್ನ ಜೊತೆಗಾರರಿಗೆ ಮರಾಠಿ ರಂಗಭೂಮಿಯ ಹುಚ್ಚು, ನನಗೆ ಯಕ್ಷಗಾನದ್ದು. ಮಳೆಗಾಲದಲ್ಲಿ ಕರಾವಳಿಯಿಂದ ಮೇಳಗಳು ಬಂದಾಗ ಅವರನ್ನು ನಾನು ಕರೆದೊಯ್ಯುತ್ತೇನೆ. ಉಳಿದ ಕಾಲದಲ್ಲಿ ದಾದರಿನ ಶಿವಾಜಿ ಮಂದಿರಕ್ಕೆ ಅವರು ನನ್ನನ್ನು ಎಳೆದೊಯ್ಯುತ್ತಾರೆ. ಈ ಎರಡು ಹುಚ್ಚುಗಳ ನಡುವೆ ಹಳೆಯ ನಂಟಿದೆ ಎಂದು ನಾನು ಅವರನ್ನು ಆಗಾಗ್ಗೆ ಕೆಣಕುವುದುಂಟು. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳವು ೧೮೪೨ರ ಸುಮಾರಿಗೆ ಸಾಂಗ್ಲಿಯಲ್ಲಿ ಆಡಿ ತೋರಿಸಿದ ಆಟವೇ ವಿಷ್ಣುದಾಸ ಭಾವೆಯವರ 'ಸೀತಾಸ್ವಯಂವರ'ಕ್ಕೆ, ತನ್ಮೂಲಕ ಆಧುನಿಕ ಮರಾಠಿ ರಂಗಭೂಮಿಗೆ ಪ್ರೇರಣೆಯಾಯಿತಷ್ಟೆ.

ನಮ್ಮಂಥವರ ಬದುಕು ಮುಂಬಯಿಯ ರಂಗದ ಮೇಲೆ ಬಂದಿಲ್ಲವೆನ್ನಲಾಗದು. ವಿಜಯ ತೆಂಡೂಲ್ಕರರ 'ಮಿತ್ರಾಚೀ ಗೋಷ್ಟ' ೧೯೮೧ರಷ್ಟು ಹಿಂದೆಯೇ ಹೆಣ್ಣನ್ನೊಲಿದ ಹೆಣ್ಣಿನ ಪಾಡನ್ನು ಮರಾಠಿ ಪ್ರೇಕ್ಷಕರ ಮುಂದಿಟ್ಟಿತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಹೇಶ ದತ್ತಾಣಿಯವರ ಇಂಗ್ಲಿಷ್ ನಾಟಕ 'ಆನ್ ಎ ಮಗ್ಗಿ ನೈಟ್ ಇನ್ ಮುಂಬಯಿ' ೧೯೯೮ರಲ್ಲಿ ರಂಗಕ್ಕೆ ಬಂದಿತು. ಅದರಲ್ಲಿ ಕಟ್ಟಡದ ಅಂಗಳದಲ್ಲಿ ಮದುವೆಯ ಗದ್ದಲ. ಮೇಲಿನ ಮನೆಯಲ್ಲಿ ಆ ಮದುವೆಗೆ ಸೇರದ ಗೆಳೆಯರ ಕೂಟ. ೨೦೧೦ರಲ್ಲಿ ಆರಂಭವಾದ 'ಕಶಿಶ್' ಚಲಚ್ಚಿತ್ರೋತ್ಸವದ ಸ್ಥಾಪಕರಾದ ಶ್ರೀಧರ ರಂಗಾಯನ್ ಅವರು ಮಂಡ್ಯದಲ್ಲಿ ಜನಿಸಿದವರು. ೨೦೧೮ರ ಅವರ ಹಿಂದೀ ಚಿತ್ರ 'ಈವನಿಂಗ್ ಶ್ಯಾಡೋಸ್' ಮುಂಬಯಿಯಲ್ಲಿರುವ ಮಗನು ದಕ್ಷಿಣದ ಸಣ್ಣ ಊರಿಗೆ ಮರಳಿ ತಾಯಿಗೆ ತನ್ನ ನಿಜವನ್ನು ತಿಳಿಸುವ ಕಥೆ. ಆ ತಾಯಿಯ ಮುಖವನ್ನು ತೆರೆಯ ಮೇಲೆ ಕಂಡಾಗ ಕುಮಟೆಯ ನಮ್ಮ ಮನೆಯ ಜಗಲಿ ನನ್ನ ಕಣ್ಣೆದುರಿಗೆ ಬಂದಿತು. ನನ್ನ ತಾಯಿಗೆ ನಾನು ಅದನ್ನು ಹೇಳಲೇ ಇಲ್ಲ. ಆಕೆ ೨೦೧೧ರಲ್ಲಿ ತೀರಿಕೊಂಡಳು.

೫. ಭಾಷೆ ಮತ್ತು ಸಂಘ

ಮೇಲೆ ಹೇಳಿದುದನ್ನು ಗಮನಿಸಿದರೆ ಒಂದು ಸಂಗತಿ ವೇದ್ಯವಾದೀತು. ನಾನು ನನ್ನ ನಿಜವನ್ನು ಇಂಗ್ಲಿಷಿನಲ್ಲಿ ಓದಿದೆ, ಮರಾಠಿಯಲ್ಲಿ ನೋಡಿದೆ, ಹಿಂದಿಯಲ್ಲಿ ಮಾತನಾಡಿದೆ, ಕನ್ನಡದಲ್ಲಿ ಮುಚ್ಚಿಟ್ಟೆ. ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಭಾಷೆಯಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಸುಳ್ಳು ಹೇಳಬೇಕಾಗಿ ಬಂದಿತು. ಇದಕ್ಕೆ ಕಾರಣ ಸರಳ. ವಲಸೆ ಬಂದವನಿಗೆ ಪರಭಾಷೆ ಕಚೇರಿಯದು, ಬೀದಿಯದು; ಕನ್ನಡ ಬಂಧುಗಳದು. ಕನ್ನಡದಲ್ಲಿ ಒಬ್ಬರಿಗೆ ಹೇಳಿದ ಮಾತು ಮುಂದಿನ ಬಸ್ಸಿಗೆ ಊರನ್ನು ಮುಟ್ಟುತ್ತದೆ. ಊರಿನ ಸುದ್ದಿಯನ್ನೂ ಊರಿನ ಬೆಚ್ಚನೆಯನ್ನೂ ನಮಗೆ ಉಳಿಸಿಕೊಟ್ಟಿರುವ ಸಂಘಗಳು ಊರಿನ ಕಣ್ಣನ್ನೂ ಜೊತೆಗೆ ಉಳಿಸಿಕೊಂಡಿವೆ.

೨೦೧೩ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಎಂಬ ಕಥಾಸಂಕಲನ ಪ್ರಕಟವಾಯಿತು. ಸಲಿಂಗಾನುರಾಗಿಯಾದ ತರುಣನೊಬ್ಬನ ಬಾಳನ್ನು ಅದು ನೇರವಾದ ಮನೆಮಾತಿನಲ್ಲಿ ಹೇಳುತ್ತದೆ. ಕೆಲವು ತಿಂಗಳ ಮೇಲೆ ನಾನು ಹೋಗುವ ಒಂದು ವಾಚನಾಲಯದಲ್ಲಿ ಆ ಪುಸ್ತಕವನ್ನು ಕೈಗೆತ್ತಿಕೊಂಡೆ. ಬೆನ್ನಿನ ಹೊಲಿಗೆ ಸಡಿಲಾಗಿತ್ತು, ಅಂಚುಗಳು ಸವೆದಿದ್ದುವು. ಎರವಲಿನ ಚೀಟಿಯಲ್ಲಿ ದಿನಾಂಕಗಳು ಒತ್ತೊತ್ತಾಗಿದ್ದುವು. ಅಷ್ಟು ಜನ ಅದನ್ನು ಮನೆಗೆ ಒಯ್ದು ಓದಿದ್ದರು. ಆದರೆ ಆ ಪುಸ್ತಕವನ್ನು ಕುರಿತು ಅಲ್ಲಿ ಒಂದು ಗೋಷ್ಠಿಯಾಗಲಿ, ಚಹದ ಹೊತ್ತಿನಲ್ಲಿ ಒಂದು ಮಾತಾಗಲಿ ನಡೆದುದನ್ನು ನಾನು ಕೇಳಲಿಲ್ಲ. ಮೌನ ನನ್ನೊಬ್ಬನದೇ ಎಂದು ತಿಳಿದಿದ್ದ ನನಗೆ ಅದು ಸಾರ್ವಜನಿಕವಾದುದೆಂದು ಆ ಚೀಟಿ ತಿಳಿಸಿತು.

ಅದೇ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರು ಪ್ರತಿ ವರ್ಷ ರಾಜ್ಯೋತ್ಸವದ ಹೊತ್ತಿಗೆ ನನಗಾಗಿ ಒಂದು ಜಾತಕವನ್ನು ತರುತ್ತಿದ್ದರು. 'ತಮ್ಮಾ, ಒಬ್ಬನೇ ಎಷ್ಟು ದಿನ?' ಎಂಬುದು ಅವರ ಪ್ರಶ್ನೆ. ಅದರಲ್ಲಿ ಕುತೂಹಲಕ್ಕಿಂತ ಕಳಕಳಿಯೇ ಹೆಚ್ಚಾಗಿತ್ತು. ಆದುದರಿಂದಲೇ ಉತ್ತರಿಸುವುದು ಕಠಿಣವಾಗಿತ್ತು. ೨೦೧೮ರ ಸೆಪ್ಟೆಂಬರ್ ೭ರಂದು ತೀರ್ಪಿನ ಸುದ್ದಿ ಪತ್ರಿಕೆಗಳ ಮೊದಲ ಪುಟದಲ್ಲಿತ್ತು. ಅವರು ಅದನ್ನು ಕೊನೆಯವರೆಗೂ ಓದಿ, ಕನ್ನಡಕವನ್ನು ಒರೆಸಿ, ನನ್ನ ಕಡೆಗೆ ಒಮ್ಮೆ ನೋಡಿ, ಪತ್ರಿಕೆಯನ್ನು ಮಡಚಿಟ್ಟು ಹೊರಟುಹೋದರು. ಆ ವರ್ಷ ಜಾತಕ ಬರಲಿಲ್ಲ. ಅವರ ಬಾಯಲ್ಲಿ ಮಾತು ಬರಲು ಮುಂದಿನ ವರ್ಷದ ಚೌತಿಯೇ ಬೇಕಾಯಿತು. 'ನಿನ್ನ ಮನೆಯಲ್ಲಿ ರತ್ನಾಗಿರಿಯವರೊಬ್ಬರು ಇದ್ದಾರಲ್ಲ, ಅವರನ್ನೂ ಊಟಕ್ಕೆ ಕರೆದುಕೊಂಡು ಬಾ' ಎಂದರು. ನಾವಿಬ್ಬರೂ ಹೋದೆವು. ಪಂಕ್ತಿಯಲ್ಲಿ ನಮ್ಮನ್ನು ಅಕ್ಕಪಕ್ಕದಲ್ಲಿ ಕೂರಿಸಿ ಅವರೇ ಬಡಿಸಿದರು. ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ.

ಆ ಮೌನವೂ ಹಳೆಯ ಮೌನವೂ ಹೊರನೋಟಕ್ಕೆ ಒಂದೇ. ಆದರೆ ಈ ಮೌನದಲ್ಲಿ ನಮಗೊಂದು ಎಲೆ ಹಾಕಿತ್ತು. ಸಂಘಗಳಿಂದ ಸಲಿಂಗಾನುರಾಗಿಯು ಅಪೇಕ್ಷಿಸುವುದು ದೊಡ್ಡದೇನೂ ಅಲ್ಲ. ಸದಸ್ಯತ್ವದ ಅರ್ಜಿಯಲ್ಲಿ 'ಕುಟುಂಬ' ಎಂಬಲ್ಲಿ ಜೊತೆಗಾರನ ಹೆಸರನ್ನು ಬರೆದರೆ ಅದನ್ನು ಹೊಡೆದುಹಾಕದಿರುವುದು, 'ಮೋಹನಸ್ವಾಮಿ'ಯಂಥ ಪುಸ್ತಕಕ್ಕೆ ಒಂದು ಸಂಜೆಯ ಗೋಷ್ಠಿ, ಊರಿನಿಂದ ಹೊಸದಾಗಿ ಬಂದ ತರುಣನನ್ನು ಮದುವೆಯ ಮಾತಿನಿಂದಲೇ ಬರಮಾಡಿಕೊಳ್ಳದಿರುವುದು, ಇಷ್ಟು ಸಾಕು. ಅಂಥ ತರುಣನೊಬ್ಬನು ಇಂದೂ ಲೋಕಲ್ ಗಾಡಿಯಲ್ಲಿ ನಿಂತಿರುತ್ತಾನೆ. ಅವನು ಇಂಗ್ಲಿಷಿನ ಕಡೆಗೆ ಹೋಗಿಬಿಟ್ಟರೆ ಅವನಿಗೆ ಹೆಚ್ಚಿನ ನಷ್ಟವಿಲ್ಲ. ಒಬ್ಬ ಓದುಗನನ್ನು ಕಳೆದುಕೊಳ್ಳುವುದು ಕನ್ನಡ.