ಯಾರೂ ಎಳೆಯದ ಗೆರೆ

ಕ್ಯಾಂಪಸ್ ಕ್ಯಾಂಟೀನಿನಲ್ಲಿ ನಾವು ಕನ್ನಡದವರು ಯಾವಾಗಲೂ ಒಂದೇ ಟೇಬಲ್ಲು. ಬೇರೆಯವರು ಬೇಡ ಅಂತ ನಾವ್ಯಾರೂ ಹೇಳಿಲ್ಲ. ಹಾಗಾದರೆ ಈ ಗೆರೆ ಎಳೆದವರು ಯಾರು?

ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅವರ 1971ರ ಲೇಖನದಲ್ಲಿ ಒಂದು ಉತ್ತರವಿದೆ. ಅಮೆರಿಕದ ನಗರಗಳಲ್ಲಿ ಕಪ್ಪು ಜನರ, ಬಿಳಿಯರ ಬಡಾವಣೆಗಳು ಬೇರೆಬೇರೆಯಾಗಿದ್ದ ಕಾಲ ಅದು. ಚೌಕಗಳ ಮೇಲೆ ಎರಡು ಬಗೆಯ ನಾಣ್ಯ ಹರಡಿ, ಕೆಲವು ಮನೆ ಖಾಲಿ ಬಿಟ್ಟು, ಒಂದೇ ನಿಯಮ: ಅಕ್ಕಪಕ್ಕ ತನ್ನಂಥವರು ತೀರಾ ಕಡಿಮೆಯಾದರೆ ಬೇರೆ ಮನೆಗೆ ಹೋಗಬೇಕು.

ಇದೇ ಆಟ ನೆಟ್‌ಲೋಗೋ ಎಂಬ ಉಚಿತ ತಂತ್ರಾಂಶದಲ್ಲಿದೆ. ನಾವೂ ಆಡಿ ನೋಡಿದೆವು. ನೆರೆಯಲ್ಲಿ ಶೇ. 30ರಷ್ಟು ತನ್ನಂಥವರಿದ್ದರೆ ಸಾಕು ಎಂದರೂ ಕೊನೆಗೆ ಶೇ. 70ಕ್ಕೂ ಹೆಚ್ಚು ತನ್ನಂಥವರೇ ಆಗಿಬಿಡುತ್ತಾರೆ! ಒಬ್ಬ ಎದ್ದರೆ ಅವನ ನೆರೆಯವನಿಗೆ ತನ್ನಂಥವನೊಬ್ಬ ಕಡಿಮೆಯಾದ, ಅವನೂ ಏಳುತ್ತಾನೆ. ಹೀಗೆ ಬಿಡಿ ಬಿಡಿ ನಡೆಗಳಿಂದ ಇಡೀ ಸಮಾಜದ ಚಿತ್ರ ಮೂಡುವುದನ್ನು ಕಂಪ್ಯೂಟರಿನಲ್ಲಿ ನೋಡುವುದೇ ಏಜೆಂಟ್ ಆಧಾರಿತ ಮಾದರಿ.

ಮಾದರಿಯೇ ಪೂರ್ತಿ ಕಥೆಯಲ್ಲ. ಅಮೆರಿಕದ ಬಡಾವಣೆಗಳು ಒಡೆದದ್ದರಲ್ಲಿ ಸರ್ಕಾರದ, ಬ್ಯಾಂಕುಗಳ ಕೈಯೂ ಇತ್ತು. ಆದರೂ ನಮಗೊಂದು ಪಾಠ: ಮನಸ್ಸಿನಲ್ಲಿ ದ್ವೇಷ ಇಲ್ಲ ಅಂದರಷ್ಟೇ ಸಾಲದು. ನಾಳೆ ಟೇಬಲ್ಲಿನಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟು, ಹೊಸಬರನ್ನು ನಾವೇ ಕರೆಯೋಣ.