ಬಸ್ ಹತ್ತುವ ಮುಂಚೆ: ಎಂಜಿನಿಯರಿಂಗ್ ಕಂಪನಿಯ ಅಪ್ರೆಂಟಿಸ್ ವರ್ಷ ಹೇಗಿರುತ್ತದೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಓದಿದ ಮಕ್ಕಳಿಗೇನೂ ಕೊರತೆಯಿಲ್ಲ. ಓದಿದ ಮೇಲೆ ಕೈ ಪಳಗಿಸಲು ಬೇಕಾದ ದೊಡ್ಡ ಎಂಜಿನಿಯರಿಂಗ್ ಕಂಪನಿ ಮಾತ್ರ ಹತ್ತಿರದಲ್ಲಿಲ್ಲ. ಚನ್ನಗಿರಿಯದು ಅಡಿಕೆಯ ಲೆಕ್ಕ, ಹೊನ್ನಾಳಿ, ನ್ಯಾಮತಿಯದು ಭತ್ತ, ಮೆಕ್ಕೆಜೋಳದ ಲೆಕ್ಕ, ಜಗಳೂರಿನದು ಮಳೆಯ ಲೆಕ್ಕ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸುತ್ತಿದ್ದ ಕಾಲದಲ್ಲಿ ಜಿಲ್ಲೆಯೊಳಗೇ ‘ಕಂಪನಿ’ ಎಂಬುದೊಂದಿತ್ತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿತು. ಈಗ ಅಪ್ರೆಂಟಿಸ್ ಆಗಬೇಕೆಂದರೆ ಬಸ್ ಹತ್ತಲೇಬೇಕು.

ಯಾವ ಕಡೆಯ ಬಸ್ ಎಂಬುದು ಊರಿನ ಮೇಲೆ ನಿಂತಿದೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯವರಿಗೆ ಶಿವಮೊಗ್ಗ ಹತ್ತಿರ. ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳೂ ಅವುಗಳಿಗೆ ಹೊಂದಿಕೊಂಡ ಮೆಷಿನ್ ಶಾಪ್‌ಗಳೂ ಇವೆ. ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಕೂಡ ಹತ್ತಿರವೇ, ಆದರೆ ಮುಚ್ಚುವ ತೀರ್ಮಾನದ ಸುದ್ದಿ 2023ರಲ್ಲಿ ಬಂದ ಮೇಲೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಜಗಳೂರಿನವರಿಗೆ ದಾವಣಗೆರೆ, ಹರಿಹರದ ಸಣ್ಣ ವರ್ಕ್‌ಶಾಪ್‌ಗಳನ್ನು ಬಿಟ್ಟರೆ ಉಳಿಯುವುದು ಪೀಣ್ಯ, ಬಿಡದಿ ಅಥವಾ ಹೊಸೂರು. ರೈಲ್ವೆಯ ಆಸೆ ಇದ್ದವರಿಗೆ ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳಿವೆ. ಅಲ್ಲಿ ಲಿಖಿತ ಪರೀಕ್ಷೆ ಇರುವುದಿಲ್ಲ, ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಗಳ ಸರಾಸರಿ ನೋಡಿ ಪಟ್ಟಿ ಮಾಡುತ್ತಾರೆ. ಹತ್ತನೇ ತರಗತಿಯಲ್ಲಿ ‘ಪಾಸಾದರೆ ಸಾಕು’ ಎಂದು ಓದಿದವರಿಗೆ ಆ ಅಂಕ ಮತ್ತೆ ಎದುರಾಗುವುದು ಇಲ್ಲೇ.

ಅಪ್ರೆಂಟಿಸ್ ಅಂದರೆ ಯಾರು? 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಆತ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬರುವುದು ಸಂಬಳವಲ್ಲ, ಸ್ಟೈಪೆಂಡ್. ಆದರೆ ಸುರಕ್ಷತೆ, ಆರೋಗ್ಯ, ಕ್ಯಾಂಟೀನ್ ವಿಚಾರದಲ್ಲಿ ಕಾನೂನು ಆತನನ್ನೂ ಕಾರ್ಮಿಕನಂತೆಯೇ ನೋಡುತ್ತದೆ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಕಂಪನಿಯದೇ. ಅಪ್ರೆಂಟಿಸ್‌ಷಿಪ್ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ಕಂಪನಿ ನಮ್ಮ ಹುಡುಗನ ಮೇಲೆ ದಯೆ ತೋರಿಸಿ ಕರೆಯುತ್ತಿಲ್ಲ, ಅದಕ್ಕೂ ಲೆಕ್ಕ ಒಪ್ಪಿಸುವುದಿದೆ.

ಇಷ್ಟೆಲ್ಲ ರಕ್ಷಣೆ ಸಿಗಬೇಕಾದರೆ ಒಂದು ಕಾಗದ ಬೇಕು: ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾದ ಕರಾರು. ಐಟಿಐ ಕಾಲೇಜಿಗೆ ಬರುವವರೆಲ್ಲ ಕಂಪನಿಯವರೇ ಆಗಿರುವುದಿಲ್ಲ, ಜನ ಒದಗಿಸುವ ಏಜೆನ್ಸಿಯವರೂ ಬರುತ್ತಾರೆ. ‘ಟ್ರೈನಿ’ ಎಂದು ಹೇಳಿ ಕರೆದೊಯ್ದು ಕಂಟ್ರಾಕ್ಟರ್ ಹೆಸರಿನಲ್ಲಿ ಲೈನ್‌ಗೆ ನಿಲ್ಲಿಸಿದರೆ ಅದು ಅಪ್ರೆಂಟಿಸ್‌ಷಿಪ್ ಅಲ್ಲ. ಕೈಗೆ ಎರಡು ಕಾಸು ಹೆಚ್ಚೇ ಬರಬಹುದು, ಆದರೆ ವರ್ಷದ ಕೊನೆಗೆ ಪರೀಕ್ಷೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಆದ್ದರಿಂದ ಮೊದಲ ಪ್ರಶ್ನೆ ‘ಎಷ್ಟು ಕೊಡ್ತೀರಿ’ ಎಂದಲ್ಲ, ‘ಕಾಂಟ್ರಾಕ್ಟ್ ನಂಬರ್ ಯಾವಾಗ ಬರುತ್ತೆ, ಯಾವ ಟ್ರೇಡ್ ಎಂದು ಹಾಕಿದ್ದೀರಿ’ ಎಂದು ಕೇಳಬೇಕು. ಹುಡುಗನಿಗೆ 18 ತುಂಬದಿದ್ದರೆ ಸಹಿ ಹಾಕುವುದು ಅಪ್ಪ ಅಥವಾ ಅಮ್ಮ, ಹಾಕುವ ಮುಂಚೆ ಓದಿಸಿಕೊಳ್ಳಲಿ. ನಡುವೆ ಬಿಟ್ಟುಬಂದರೆ ತರಬೇತಿಯ ಖರ್ಚನ್ನು ಕೇಳುವ ಹಕ್ಕು ಕಂಪನಿಗಿದೆ, ಕಂಪನಿಯೇ ಕರಾರು ಮುರಿದರೆ ಅದೂ ಪರಿಹಾರ ಕೊಡಬೇಕು.

ಹಣದ ಮಾತಿಗೆ ಬರೋಣ. 2019ರ ನಿಯಮದಲ್ಲಿ ತಿಂಗಳಿಗೆ ಐಟಿಐನವರಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದಿತ್ತು. ಇದನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಷಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಸೇರುವ ದಿನ ಯಾವ ದರ ಜಾರಿಯಲ್ಲಿದೆ ಎಂದು ನೋಡಿಕೊಳ್ಳಬೇಕು. ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆಯಡಿ (ಎನ್‌ಎಪಿಎಸ್) ಸ್ಟೈಪೆಂಡಿನ ಕಾಲು ಭಾಗ, ಗರಿಷ್ಠ 1,500 ರೂಪಾಯಿ, ಸರ್ಕಾರದಿಂದ ನೇರ ಹುಡುಗನ ಖಾತೆಗೆ ಬರುತ್ತದೆ. ಅಂದರೆ 7,000ದಲ್ಲಿ 5,500 ಕಂಪನಿಯದು, 1,500 ಸರ್ಕಾರದ್ದು, ಎರಡೂ ಒಂದೇ ದಿನ ಬರಬೇಕೆಂದೇನೂ ಇಲ್ಲ. ಆಧಾರ್ ಜೋಡಣೆಯಾಗದ ಖಾತೆ ಕೊಟ್ಟರೆ, ಆಧಾರ್‌ನಲ್ಲಿ ‘ಮಂಜುನಾಥ’, ಮಾರ್ಕ್ಸ್ ಕಾರ್ಡ್‌ನಲ್ಲಿ ‘ಮಂಜುನಾಥ್ ಎಚ್.’ ಎಂದಿದ್ದರೆ ತೊಡಕು ಗ್ಯಾರಂಟಿ. ಹೆಸರಿನ ತಿದ್ದುಪಡಿಯನ್ನು ಊರಲ್ಲೇ ಮುಗಿಸಿಕೊಂಡು ಹೊರಡುವುದು ಲೇಸು, ಕಂಪನಿಗೆ ರಜೆ ಹಾಕಿ ಪೀಣ್ಯದಿಂದ ಜಗಳೂರಿಗೆ ಓಡಿ ಬರುವುದು ದುಬಾರಿ.

ಇದು ಕನಿಷ್ಠ ಮೊತ್ತ. ದೊಡ್ಡ ಕಂಪನಿಗಳು ಇದಕ್ಕಿಂತ ಹೆಚ್ಚು ಕೊಡುವುದುಂಟು, ಜೊತೆಗೆ ಕಂಪನಿ ಬಸ್ಸು, ಕ್ಯಾಂಟೀನ್ ಊಟ, ಯೂನಿಫಾರ್ಮ್, ಸೇಫ್ಟಿ ಶೂ. ಬೆಂಗಳೂರಿನಲ್ಲಿ ರೂಮು ಮಾಡಿ ಇರುವವನಿಗೆ ಸಾವಿರ ರೂಪಾಯಿ ಹೆಚ್ಚಿನ ಸ್ಟೈಪೆಂಡಿಗಿಂತ ಎರಡು ಹೊತ್ತಿನ ಕ್ಯಾಂಟೀನ್ ಊಟವೇ ದೊಡ್ಡದು. ನ್ಯಾಮತಿಯಿಂದ ಶಿವಮೊಗ್ಗಕ್ಕೆ ಪಾಸ್ ಮಾಡಿಸಿ ಓಡಾಡುವವನು ಕೇಳಬೇಕಾದದ್ದು ಶಿಫ್ಟ್. ಮೊದಲ ಪಾಳಿ ಬೆಳಿಗ್ಗೆ ಆರಕ್ಕೆ ಶುರುವಾದರೆ ಊರಿನಿಂದ ಎಷ್ಟು ಹೊತ್ತಿಗೆ ಬಸ್ಸಿದೆ? ಎರಡನೇ ಪಾಳಿ ರಾತ್ರಿ ಹತ್ತಕ್ಕೆ ಬಿಟ್ಟರೆ ಹಳ್ಳಿಗೆ ಹೋಗುವ ಗಾಡಿ ಯಾವುದು? ಮನೆಯಿಂದಲೇ ಓಡಾಡುತ್ತೇನೆ ಎಂಬ ಲೆಕ್ಕಾಚಾರ ಕೆಡುವುದು ಈ ಎರಡನೇ ಪಾಳಿಯಲ್ಲಿ.

ಇನ್ನು ಗೇಟಿನ ಒಳಗೆ. ಮೊದಲ ಕೆಲವು ದಿನ ಸುರಕ್ಷತೆಯ ಪಾಠ. ಕೈಗೆ ಕಟ್ಟಿದ ದೇವರ ದಾರ, ಉಂಗುರ, ಕಡಗ ಎಲ್ಲ ಬಿಚ್ಚಿಸುತ್ತಾರೆ. ತಿರುಗುವ ಡ್ರಿಲ್ ಮುಂದೆ ಗ್ಲೌಸ್ ಹಾಕಬಾರದು ಎಂದಾಗ ಹೊಸಬರಿಗೆ ಆಶ್ಚರ್ಯ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ ಎಂಬುದು ಆಮೇಲೆ ಅರ್ಥವಾಗುತ್ತದೆ. ಫೌಂಡ್ರಿಯಾದರೆ ಸೆಖೆಯೇ ಮೊದಲ ಪಾಠ. ಕರಗಿದ ಕಬ್ಬಿಣವನ್ನು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮರಳಿನ ಅಚ್ಚಿಗೆ ಸುರಿಯುತ್ತಾರೆ. ಅಲ್ಲಿ ಒಂದು ಪಾಳಿ ನಿಂತವನಿಗೆ ಸಂಜೆ ಊಟಕ್ಕಿಂತ ನಿದ್ದೆ ಬೇಕೆನಿಸುತ್ತದೆ.

ಮೆಷಿನ್ ಶಾಪ್‌ನಲ್ಲಿ ಹೆಚ್ಚಿನವರನ್ನು ನಿಲ್ಲಿಸುವುದು ಸಿಎನ್‌ಸಿ ಮೆಷಿನ್ ಮುಂದೆ. ಪೀಸ್ ಇಡು, ಬಾಗಿಲು ಮುಚ್ಚು, ಹಸಿರು ಬಟನ್ ಒತ್ತು, ತೆಗೆ, ಗಾಳಿ ಹೊಡೆ, ಅಳೆ. ಮೂರೇ ದಿನಕ್ಕೆ ಬರುವ ಈ ಕೆಲಸವನ್ನು ವರ್ಷವಿಡೀ ಮಾಡಿಸಬಹುದು, ಅಪಾಯ ಇರುವುದೇ ಇಲ್ಲಿ. ಕಲಿಕೆ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಡ್ರಾಯಿಂಗ್‌ನಲ್ಲಿ 30 ಎಚ್7 ಎಂದು ಬೋರಿನ ಅಳತೆ ಬರೆದಿದೆ ಎನ್ನಿ. ಆ ರಂಧ್ರ 30.000ರಿಂದ 30.021 ಮಿ.ಮೀ. ಒಳಗಿರಬೇಕು ಎಂದರ್ಥ. ಇರುವ ಜಾಗ 21 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಪೀಸ್ ಮೇಲೆ ಪೀಸ್ ಹೋದಂತೆ ಟೂಲಿನ ತುದಿ ಸವೆದು ಬೋರ್ ಕಿರಿದಾಗುತ್ತ ಬರುತ್ತದೆ. ಗೇಜ್ 30.002 ತೋರಿಸಿದಾಗ ಸೆಟ್ಟರ್, ಅಂದರೆ ಮೆಷಿನ್ ಹೊಂದಿಸುವವನು, ಟೂಲಿನ ಅಳತೆ ತಿದ್ದುವ ಆಫ್‌ಸೆಟ್ ಪುಟಕ್ಕೆ ಹೋಗಿ 0.008 ಕೂಡಿಸುತ್ತಾನೆ, ಮುಂದಿನ ಪೀಸ್ 30.010ಕ್ಕೆ ಬರುತ್ತದೆ. ಕೂಡಿಸುವಲ್ಲಿ ಕಳೆದರೆ 29.994. ಆ ಪೀಸ್ ಸಣ್ಣದು, ಮತ್ತೆ ಕೊರೆದು ಉಳಿಸಿಕೊಳ್ಳಬಹುದು, ಅದು ರೀವರ್ಕ್. 0.008ರ ಜಾಗದಲ್ಲಿ 0.08 ಒತ್ತಿಬಿಟ್ಟರೆ ಬೋರ್ ದೊಡ್ಡದಾಯಿತು, ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು, ಪೀಸ್ ಕೆಂಪು ಬಿನ್ನಿಗೆ.

ಬಟನ್ ಒತ್ತುವವನಿಗೂ ಆಫ್‌ಸೆಟ್ ಹಾಕುವವನಿಗೂ ನಡುವೆ ಇರುವ ಅಂತರವೇ ಈ ವರ್ಷದ ಇಡೀ ವಿಷಯ, ನನ್ನ ಮಟ್ಟಿಗಂತೂ. ಸಂಬಳದ ಅಂತರವೂ ಮುಂದೆ ಅದೇ ಆಗುತ್ತದೆ. ಕಂಪನಿಗೆ ಟಾರ್ಗೆಟ್ ಮುಖ್ಯ, ಅಪ್ರೆಂಟಿಸ್ ಕೈಗೆ ಆಫ್‌ಸೆಟ್ ಕೊಟ್ಟು ರಿಜೆಕ್ಷನ್ ಮಾಡಿಸಿಕೊಳ್ಳಲು ಯಾವ ಸೂಪರ್‌ವೈಸರ್ ಕೂಡ ಬಯಸುವುದಿಲ್ಲ. ಹಾಗಾಗಿ ಕಲಿಯುವ ದಾರಿ ಸೆಟ್ಟರ್ ಮೂಲಕವೇ. ಟೂಲ್ ಬದಲಿಸುವ ಹೊತ್ತಿಗೆ ಪಕ್ಕ ನಿಂತು ‘ಅಣ್ಣ, ಈ ಸಲ ಎಷ್ಟು ಕೊಟ್ರಿ? ಯಾಕೆ?’ ಎಂದು ಕೇಳುವ ಹುಡುಗನಿಗೆ ಕೆಲವು ತಿಂಗಳಲ್ಲಿ ‘ಬಾ, ನೀನೇ ಹಾಕು, ನಾನು ನೋಡ್ತೀನಿ’ ಎನ್ನುವವರು ಸಿಗುತ್ತಾರೆ. ಟೀ ಬ್ರೇಕಿನಲ್ಲಿ ಮೊಬೈಲ್ ಹಿಡಿದು ಕೂರುವವನಿಗೆ ಸಿಗುವುದಿಲ್ಲ.

ಒಳ್ಳೆಯ ಕಂಪನಿ ವಿಭಾಗ ಬದಲಿಸುತ್ತದೆ: ಒಂದಷ್ಟು ತಿಂಗಳು ಪ್ರೊಡಕ್ಷನ್, ಆಮೇಲೆ ಕ್ವಾಲಿಟಿ, ಟೂಲ್ ರೂಮ್, ಮೇಂಟೆನೆನ್ಸ್. ಸಂದರ್ಶನದಲ್ಲೇ ಈ ಬದಲಾವಣೆ ಉಂಟೇ ಎಂದು ಕೇಳಬಹುದು, ಹಳೆಯ ಬ್ಯಾಚಿನ ಹುಡುಗರನ್ನು ಕೇಳುವುದು ಇನ್ನೂ ಉತ್ತಮ. ಹೆಸರು ದೊಡ್ಡದಿದ್ದೂ ಒಂದೇ ಲೈನಿನಲ್ಲಿ ಬೋಲ್ಟ್ ಬಿಗಿಸುವ ವರ್ಷಕ್ಕಿಂತ, ಮಾಚೇನಹಳ್ಳಿಯ ಸಾಧಾರಣ ಶಾಪ್‌ನಲ್ಲಿ ನಾಲ್ಕು ಥರದ ಮೆಷಿನ್ ಮುಟ್ಟಿದ ವರ್ಷ ಮೇಲು. ಮನೆಯವರಿಗೆ ದೊಡ್ಡ ಕಂಪನಿಯ ಬ್ಯಾಡ್ಜೇ ಇಷ್ಟವಾಗುತ್ತದೆ, ಅದು ಬೇರೆ ಮಾತು.

ಎಸ್‌ಎಸ್‌ಎಲ್‌ಸಿ ಮುಗಿದ ಮಕ್ಕಳಿಗೆ ಬೇರೆ ದಾರಿಗಳಿವೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಮಕ್ಕಳನ್ನು ಆರಿಸಿ ಮೂರು ವರ್ಷ ವಸತಿಯೊಂದಿಗೆ ಕಲಿಸುತ್ತದೆ, ಈಗ ಹುಡುಗಿಯರಿಗೂ ಅಲ್ಲಿ ಪ್ರವೇಶವಿದೆ. ಹರಿಹರದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಅಂಡ್ ಡೈ ಡಿಪ್ಲೊಮಾ ಓದಿದರೆ ಕೊನೆಯ ವರ್ಷ ಕಂಪನಿಯಲ್ಲೇ ತರಬೇತಿ. ಐಟಿಐ ಮುಗಿದವರಿಗೆ ಪ್ರತಿ ತಿಂಗಳ ಎರಡನೇ ಸೋಮವಾರ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಷಿಪ್ ಮೇಳ ಇರುತ್ತದೆ, ಮುಂದಿನದು ಎಲ್ಲಿ ಎಂದು ಹತ್ತಿರದ ಸರ್ಕಾರಿ ಐಟಿಐನಲ್ಲಿ ವಿಚಾರಿಸಬಹುದು.

ವರ್ಷ ಮುಗಿದರೆ ಕೆಲಸ ಖಾಯಂ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ. ಹಾಗೆ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರಮಾಣಪತ್ರ, ಅಂದರೆ ಎನ್‌ಎಸಿ, ಸಿಗುತ್ತದೆ. ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಮೀಸಲು ಇದೆ, ಅದಕ್ಕೂ ಪರೀಕ್ಷೆ ಬರೆಯಲೇಬೇಕು. ಖಾಸಗಿ ಕಂಪನಿಯ ಸಂದರ್ಶನದಲ್ಲಿ ಎನ್‌ಎಸಿಯನ್ನು ಒಮ್ಮೆ ನೋಡಿ ಬದಿಗಿಟ್ಟು ಲಾಗ್ ಬುಕ್ ಕೇಳುತ್ತಾರೆ. ಹಾಗಾಗಿ ದಿನದಿನದ ಕೆಲಸ ಬರೆದು ಸೂಪರ್‌ವೈಸರ್ ಸಹಿಯನ್ನು ವಾರವಾರ ಹಾಕಿಸಿಕೊಳ್ಳಬೇಕು, ಹನ್ನೊಂದನೇ ತಿಂಗಳಲ್ಲಿ ಒಟ್ಟಿಗೆ ಹಾಕಿಸಹೋದರೆ ಅಷ್ಟರಲ್ಲಿ ಸೂಪರ್‌ವೈಸರೇ ಬದಲಾಗಿರಬಹುದು. ಲಾಗ್ ಬುಕ್ ನೋಡಿದ ಮೇಲೆ ಬರುವ ಪ್ರಶ್ನೆಗಳು ಇಷ್ಟೇ: ಯಾವ ಮೆಷಿನ್, ಕಂಟ್ರೋಲರ್ ಫ್ಯಾನಕ್ಕೋ ಸೀಮೆನ್ಸೋ, ಆಫ್‌ಸೆಟ್ ನೀನೇ ಹಾಕುತ್ತಿದ್ದೆಯಾ?