ಜಂತೆ ಹಿಡಿದ ತೊಲೆ

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ಬೇಸಿಗೆಯಲ್ಲಿ, ಕಾವೇರಿ ತಗ್ಗಿದ ಹೊತ್ತಿನಲ್ಲಿ ನೋಡಬೇಕು. ಸಾಲು ಕಲ್ಲುಗಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಎದ್ದ ಸೇತುವೆ ಇದು. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯಲ್ಲೋ ನಾಗಮಂಗಲದ ಸೌಮ್ಯಕೇಶವನ ಗುಡಿಯಲ್ಲೋ ತಲೆಯೆತ್ತಿ ನೋಡಿದರೂ ಇದೇ ಲೆಕ್ಕ: ತೊಲೆ ಗಿಡ್ಡ, ದಪ್ಪ, ಕಂಬಗಳು ಹತ್ತಿರ ಹತ್ತಿರ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳದು. ಹಾಗಾಗಿ ಕಲ್ಲಿನ ತೊಲೆ ಸೋತರೆ ಅಡಿಯಿಂದ ಬಿರುಕು ಬಿಡುತ್ತದೆಯೇ ಹೊರತು ಪಕ್ಕಕ್ಕೆ ಮಗುಚಿಕೊಳ್ಳುವುದಿಲ್ಲ.

ಮಗುಚುವ ಚಿಂತೆ ದೊಡ್ಡದಾದದ್ದು ಕಬ್ಬಿಣ ಬಂದ ಮೇಲೆ. ಬೆಂಗಳೂರು–ಮೈಸೂರು ರೈಲು ಹಾದಿ 1881–82ರಲ್ಲಿ ತೆರೆಯುವ ಹೊತ್ತಿಗೆ ಜಗತ್ತಿನ ಸೇತುವೆಗಳಿಗೆ ಲೋಹದ ಗರ್ಡರ್ ಬಂದಾಗಿತ್ತು. ಎಳೆತವನ್ನೂ ತಾಳುವ ಲೋಹದಲ್ಲಿ ತೊಲೆಯನ್ನು ಉದ್ದವಾಗಿ, ಎತ್ತರವಾಗಿ, ತೆಳ್ಳಗೆ ಮಾಡಬಹುದು. ತೊಡಕು ಇರುವುದೂ ಆ ತೆಳುವಿನಲ್ಲೇ.

ಮಕ್ಕಳ ಉದ್ದನೆಯ ಪ್ಲಾಸ್ಟಿಕ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ತುದಿಯನ್ನು ಮೇಜಿಗೆ ಬಿಗಿಯಾಗಿ ಹಿಡಿದು, ಇನ್ನೊಂದು ತುದಿಯನ್ನು ಕೆಳಕ್ಕೆ ಒತ್ತಿ ನೋಡಿ. ಅದು ಕೆಳಕ್ಕೆ ಬಾಗುವ ಮೊದಲೇ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಎರಡು ಕಡೆ ಆಧಾರವಿರುವ ತೊಲೆಯಲ್ಲಿ ಮೇಲಂಚು ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಓಡಲು ನೋಡುತ್ತದೆ. ಎಳೆತದಲ್ಲಿರುವ ಕೆಳಂಚು ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಇಡೀ ತೊಲೆ ತಿರುಚುತ್ತದೆ. ಈ ಆಟಕ್ಕೆ ಗಣಿತ ಕೊಟ್ಟವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಮತ್ತು ಆಸ್ಟ್ರೇಲಿಯಾದ ಎ.ಜಿ.ಎಂ. ಮಿಚೆಲ್. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಇಬ್ಬರೂ 1899ರ ಸುಮಾರಿಗೆ ಉತ್ತರ ಕಂಡುಕೊಂಡರು.

ಆದರೆ ಮದ್ದು ನಮ್ಮ ತೊಟ್ಟಿಮನೆಯ ಬಡಗಿಗೆ ಮೊದಲೇ ಗೊತ್ತಿತ್ತು. ತೊಲೆಯ ಮೇಲೆ ಅಡ್ಡಡ್ಡ ಜಂತೆ ಕೂರಿಸಿ ಬಿಗಿದರೆ, ಜಂತೆ ಸೂರನ್ನೂ ಹೊರುತ್ತದೆ, ತೊಲೆಯ ತಲೆಯನ್ನೂ ಅಲುಗದಂತೆ ಹಿಡಿಯುತ್ತದೆ. ರೈಲು ಸೇತುವೆಯ ಜೋಡಿ ಗರ್ಡರ್‌ಗಳ ನಡುವೆ ಕಾಣುವ ಕತ್ತರಿಯಾಕಾರದ ಅಡ್ಡಪಟ್ಟಿಗಳದ್ದೂ ಇದೇ ಕೆಲಸ.

ಹಿಡಿಯಲು ಬೇಕಾದ ಬಲವೋ ತೀರ ಕಡಿಮೆ. ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆ ಐಎಸ್ 800 ಹೇಳುವ ಪ್ರಕಾರ, ಒತ್ತಡದ ಅಂಚಿನಲ್ಲಿರುವ ಬಲದ ಶೇ 2.5ರಷ್ಟನ್ನು ತಡೆದರೆ ಸಾಕು. ನಡುಮಧ್ಯೆ ಒಂದೇ ಒಂದು ಗಟ್ಟಿ ಆಸರೆ ಕೊಟ್ಟರೆ, ತೆಳು ತೊಲೆಯ ತಿರುಚು ತಡೆಯುವ ಶಕ್ತಿ ಲೆಕ್ಕದ ಪ್ರಕಾರ ಕನಿಷ್ಠ ಇಮ್ಮಡಿ.

ಪಾಂಡವಪುರದ ಕಡೆ ಆಲೆಮನೆಗೋ ಗೋದಾಮಿಗೋ ಶೀಟು ಹೊದಿಸುವವರು ಇನ್ನೊಂದು ಮಾತು ನೆನಪಿಡಬೇಕು. ಶೀಟು ಮತ್ತು ಅದನ್ನು ಹೊರುವ ಪರ್ಲಿನ್ (ಉಕ್ಕಿನ ಜಂತೆ) ಹಿಡಿಯುವುದು ತೊಲೆಯ ಮೇಲಂಚನ್ನು ಮಾತ್ರ. ಬಿರುಗಾಳಿ ಸೂರನ್ನು ಮೇಲಕ್ಕೆ ಎಳೆದಾಗ ಲೆಕ್ಕ ತಲೆಕೆಳಗು: ಒತ್ತಡ ಕೆಳಂಚಿಗೆ ಇಳಿಯುತ್ತದೆ, ಅಲ್ಲಿ ಹಿಡಿಯುವವರೇ ಇರುವುದಿಲ್ಲ. ಶೀಟು ಹೊದಿಸುವ ಮುನ್ನ ಬರೀ ತೊಲೆ ನಿಂತಿರುವ ದಿನಗಳೂ ಅಷ್ಟೇ ಅಪಾಯದವು.

ಆದ್ದರಿಂದ ಕಟ್ಟಿಸುವವರು ತೊಲೆಯ ತೂಕ, ರೇಟು ಕೇಳಿದಷ್ಟೇ ಗಮನವಿಟ್ಟು, ಅದನ್ನು ಪಕ್ಕದಿಂದ ಎಲ್ಲೆಲ್ಲಿ ಹಿಡಿದಿದ್ದೀರಿ ಎಂದೂ ಎಂಜಿನಿಯರನ್ನು ಕೇಳಿ. ನಾಳೆ ಪೈಪಿಗೋ ಫ್ಯಾನಿಗೋ ಅಡ್ಡ ಬಂತೆಂದು ಹಾಗೆ ಹಿಡಿದಿರುವ ಅಡ್ಡಪಟ್ಟಿಯನ್ನು ಮಾತ್ರ ಕೊಯ್ಯಬೇಡಿ.